ಜಾಲಿಯ ಅಂಟು

ನಾನು ದೇವರನ್ನು ನಂಬುವುದಿಲ್ಲ. ಗಜೇಂದ್ರಗಡದಿಂದ ರೋಣದ ಮೇಲೆ ಹಾಯ್ದು ನರಗುಂದಕ್ಕೆ ಹೋಗುವ ನನ್ನ ಬಸ್ಸು ಹತ್ತುವ ಅರ್ಧ ಜನಕ್ಕೆ ಇದು ಗೊತ್ತು. ಕಂಡಕ್ಟರ್ ಪುಷ್ಪಾವತಿ ಅಂದರೆ ಯಾರೆಂದು ತಿಳಿಯದವರಿಗೂ ‘ದೇವರಿಲ್ಲ ಅನ್ನೂ ಕಂಡಕ್ಟರ್’ ಎಂದರೆ ಥಟ್ಟನೆ ತಿಳಿಯುತ್ತದೆ. ಡ್ರೈವರ್ ವಸೀಮ ಬೆಳಿಗ್ಗೆ ಬಿಸ್ಮಿಲ್ಲಾ ಎಂದು ಗಾಡಿ ಚಾಲೂ ಮಾಡುತ್ತಾನೆ, ನಾನು ಸುಮ್ಮನೆ ಸೀಟಿ ಊದುತ್ತೇನೆ. “ಅಕ್ಕಾ, ನಿನ್ನ ಪಾಲಿಂದೂ ನಾನ ಅನ್ನಬೇಕಾಗೇತಿ ನೋಡು” ಎಂದು ಅವನು ಗೇಲಿ ಮಾಡುತ್ತಾನೆ.

ಜನರ ಒಂದು ಚಟ ನನಗೆ ಸೇರುವುದಿಲ್ಲ. ನಂಬುವವನನ್ನು ಯಾಕೆ ನಂಬುತ್ತೀ ಎಂದು ಯಾರೂ ಕೇಳುವುದಿಲ್ಲ. ನಂಬದವಳು ಮಾತ್ರ ಕಾರಣ ಕೊಡಬೇಕು. ಬಸ್ಸು ತುಂಬಿ ತುಳುಕುತ್ತಿರಲಿ, ಕಿಸೆಯಲ್ಲಿ ಚಿಲ್ಲರೆ ಇಲ್ಲದೆ ನಾನು ಒದ್ದಾಡುತ್ತಿರಲಿ, “ಅಲ್ರಿ ಮೇಡಂ, ಖರೇನ ನಂಬಂಗಿಲ್ಲೇನ್ರಿ? ಯಾಕ್ರೀ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಕಾರಣಗಳಿಗೇನೂ ನನ್ನ ಬಸ್ಸಿನಲ್ಲಿ ಬರಗಾಲವಿಲ್ಲ. ರೋಣದಲ್ಲಿ ಹತ್ತುವ ನಿವೃತ್ತ ವಿಜ್ಞಾನದ ಮಾಸ್ತರು ನರಸಿಂಹ ಅವರದು ಮೊಣಕಾಲಿನ ಕಾರಣ. “ಈ ಚಿಪ್ಪು ನೋಡ್ರಿ. ಅರವತ್ತಕ್ಕ ಕೆಟ್ಟು ಹೋಗೂವಂಥದ್ದನ್ನ ಯಾವ ಶಾಣ್ಯಾ ಮಾಡ್ತಾನ್ರಿ? ದೇವರು ಮಾಡ್ಯಾನಂದ್ರ ಅವಗ ಅವಮಾನ” ಎನ್ನುತ್ತಾ ಮೊಣಕಾಲು ಹಿಡಿದು ಮೆಟ್ಟಿಲು ಹತ್ತುತ್ತಾರೆ. ನಮ್ಮ ಲಕ್ಕಲಕಟ್ಟಿಯ ದುರಗಪ್ಪ ಕುರಿ ಸತ್ತ ವಾರ ದೇವರನ್ನು ಬೈದು, ಕುರಿ ಈಯುವ ವಾರ ಕಾಯಿ ಒಡೆಯುವ ಮನುಷ್ಯ. ಬೈಯುವ ವಾರದಲ್ಲಿ ಅವನದು “ನಾ ಕರದಾಗ ಅಂವ ಬರಲಿಲ್ಲ, ಈಗ ನಾ ಕರಿಯಂಗಿಲ್ಲ” ಎಂಬ ಕಾರಣ. ಕಾಲೇಜು ಹುಡುಗರದು ಒಂದೇ ಶಬ್ದ, ಪ್ರೂಫ್. ಜನ ನನಗೆ ಹಚ್ಚಿದ ಕಾರಣ ಬೇರೆ. ನನ್ನ ಗಂಡ, ಶಿರೋಳದ ಮೈಲಾರಿ, ಇದೇ ಡಿಪೋದಲ್ಲಿ ಡ್ರೈವರ್ ಆಗಿದ್ದವನು, ಕಾಮಾಲೆಯಿಂದ ತೀರಿಹೋದ. ಅನುಕಂಪದ ಆಧಾರದ ಮೇಲೆಯೇ ನನಗೆ ಕಂಡಕ್ಟರ್ ಕೆಲಸ ಸಿಕ್ಕಿದ್ದು. “ಪಾಪ, ಗಂಡ ಹೋದ ಮ್ಯಾಲ ದೇವರ ಮ್ಯಾಲ ಸಿಟ್ಟಾಗ್ಯಾಳ” ಎನ್ನುತ್ತಾರೆ. ಹಾಗೆಂದುಕೊಂಡರೆ ಅವರಿಗೆ ಸಮಾಧಾನ. ನಾನೂ ತಿದ್ದಲು ಹೋಗಲಿಲ್ಲ. ಮಾಸ್ತರರ ಮೊಣಕಾಲನ್ನೂ ದುರಗಪ್ಪನ ಸಿಟ್ಟನ್ನೂ ಹುಡುಗರ ಪ್ರೂಫನ್ನೂ ಟಿಕೆಟ್ಟಿನ ಹಾಗೆ ಇಟ್ಟುಕೊಂಡು, ಯಾರಿಗೆ ಯಾವುದು ಹೊಂದುತ್ತದೋ ಅದನ್ನು ಹರಿದು ಕೊಡುತ್ತಾ ಬಂದೆ.

ಖರೇ ಕಾರಣ ಇವು ಯಾವುವೂ ಅಲ್ಲ. ಗಂಡ ಸತ್ತಾಗ ನಾನು ದೇವರ ಕಾಲನ್ನು ಇನ್ನೂ ಗಟ್ಟಿಯಾಗಿ ಹಿಡಿದಿದ್ದೆ.

ನನ್ನ ಅಪ್ಪ ಮಲ್ಲೇಶಪ್ಪ ಲಕ್ಕಲಕಟ್ಟಿಯ ಬೀರದೇವರ ಪೂಜಾರಿ. ನಮ್ಮಲ್ಲಿ ಏನೇ ದೊಡ್ಡ ಕೆಲಸವಿರಲಿ, ಮೊದಲು ದೇವರಿಗೆ ಹೂ ಕೇಳಬೇಕು. ಪೂಜಾರಿ ಎರಡು ಕಣಗಿಲ ಹೂವನ್ನು ನೀರಲ್ಲಿ ಅದ್ದಿ, ದೇವರ ಎರಡೂ ಭುಜಕ್ಕೆ ಒಂದೊಂದು ಒತ್ತಿ ಹಚ್ಚುತ್ತಾನೆ. ಕೇಳುವವರು ಕೈ ಮುಗಿದು ಕೂರುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ದೇವರು ಒಪ್ಪಿದ, ಎಡಗಡೆಯದು ಬಿದ್ದರೆ ಬೇಡ ಎಂದ. ಅದರ ಮೇಲೆ ಮಾತಿಲ್ಲ. ಕೋರ್ಟಿಗೆ ಹೋದವರೂ ಅಲ್ಲಿಂದ ತಿರುಗಿ ಬಂದು ನಮ್ಮ ಗುಡಿಯ ಕಟ್ಟೆಯ ಮೇಲೆ ಜಗಳ ಮುಗಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನಗೆ ಹತ್ತೊಂಬತ್ತು ಇದ್ದಾಗ ಹುಬ್ಬಳ್ಳಿಯಲ್ಲಿ ನರ್ಸ್ ತರಬೇತಿಗೆ ಹೆಸರು ಬಂತು. ಊರಲ್ಲಿ ಅಷ್ಟು ಓದಿದ ಮೊದಲ ಹುಡುಗಿ ನಾನು. ಅಪ್ಪ ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. “ಬೀರಪ್ಪನ್ನ ಕೇಳೂಣು” ಎಂದ. ನಾನು ಎರಡು ದಿನ ಉಪವಾಸವಿದ್ದು ಕೇಳಿದೆ. ಎಡಗಡೆಯ ಹೂ ಬಿತ್ತು. ನಾನು ಅಳಲಿಲ್ಲ ಎಂದರೆ ನೀವು ನಂಬಬೇಕು. ದೇವರು ಏನೋ ಕಂಡಿದ್ದಾನೆ, ಹುಬ್ಬಳ್ಳಿಯ ದಾರಿಯಲ್ಲಿ ನನಗೆ ಕಾದಿದ್ದ ಯಾವುದೋ ಕೆಡುಕನ್ನು ತಪ್ಪಿಸಿದ್ದಾನೆ ಎಂದು ಅಪ್ಪಿಕೊಂಡುಬಿಟ್ಟೆ. ಹಾಸಿಗೆ ಹಿಡಿದಿದ್ದ ಅವ್ವನ ಸೇವೆ ಮಾಡಿದೆ, ತಮ್ಮ ರಾಯಣ್ಣನನ್ನು ಸಾಲಿಗೆ ಕಳಿಸಿದೆ, ಅಪ್ಪನಿಗೆ ರೊಟ್ಟಿ ಬಡಿದೆ. ಇಷ್ಟೊಂದು ಜನರಿರುವ ಜಗತ್ತಿನಲ್ಲಿ ಬೀರಪ್ಪ ನನ್ನೊಬ್ಬಳ ಬಗ್ಗೆ ಯೋಚನೆ ಮಾಡಿದನಲ್ಲ ಎಂದು ಒಳಗೊಳಗೇ ಹಿಗ್ಗಿದ್ದೂ ಉಂಟು. ಆ ಹಿಗ್ಗನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹದಿಮೂರು ವರ್ಷದ ಹಿಂದೆ ಅಪ್ಪ ಜ್ವರದಿಂದ ಮಲಗಿದ್ದ. ರಾಯಣ್ಣ ಊರಲ್ಲಿರಲಿಲ್ಲ. ನಾನು ರಜೆ ಹಾಕಿ ಬಂದವಳು ಗುಡಿ ತೊಳೆಯಲು ಹೋದೆ. ದೇವರಿಗೆ ನೀರು ಹಾಕಿ ತಿಕ್ಕುವಾಗ ಬಲ ಭುಜದ ಮೇಲೆ ಏನೋ ಗಟ್ಟಿಯಾಗಿ ಕೈಗೆ ಹತ್ತಿತು. ಉಗುರಿನಿಂದ ಕೆರೆದೆ. ಜೇನಿನ ಬಣ್ಣದ ಚೂರು. ದೀಪದ ಗೂಡಿನಲ್ಲಿ, ಎಣ್ಣೆಯ ಗಡಿಗೆಯ ಹಿಂದೆ, ಒಂದು ಹಿತ್ತಾಳೆ ಡಬ್ಬಿ ಇತ್ತು. ತೆರೆದರೆ ಅದರ ತುಂಬ ಜಾಲಿಯ ಅಂಟು.

ಆ ಡಬ್ಬಿ ನನಗೆ ಗೊತ್ತಿತ್ತು. ಅದನ್ನು ತುಂಬಿಸುತ್ತಿದ್ದವಳೇ ನಾನು. ಚಿಕ್ಕಂದಿನಲ್ಲಿ ಕುರಿ ಹಿಂದೆ ಹೋದಾಗ ಜಾಲಿಗಿಡದ ತೊಗಟೆಯಿಂದ ಅಂಟು ಕಿತ್ತು, ಮುಳ್ಳು ಚುಚ್ಚಿಸಿಕೊಂಡು, ಉಡಿಯಲ್ಲಿ ಕಟ್ಟಿ ತರುತ್ತಿದ್ದೆ. ದೇವರ ಡೊಳ್ಳಿನ ಚರ್ಮ ಹರಿದರೆ ಅಂಟಿಸಲು ಬೇಕು ಎನ್ನುತ್ತಿದ್ದ ಅಪ್ಪ. ಅಷ್ಟು ಅಂಟು ಹಿಡಿಸಲು ಆ ಡೊಳ್ಳು ಎಷ್ಟು ಸಲ ಹರಿಯುತ್ತದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಡಬ್ಬಿ ಹಿಡಿದು ಅಪ್ಪನ ಹಾಸಿಗೆಯ ಹತ್ತಿರ ಹೋದೆ. ಅವನು ಸುಳ್ಳು ಹೇಳಲಿಲ್ಲ. ಜ್ವರಕ್ಕೋ ಏನೋ, ಹೇಳುವ ತ್ರಾಣವಿರಲಿಲ್ಲ.

“ಬಲಕ್ಕ ಅಂಟು ಹಚ್ಚಿದ್ರ ಎಡಾ ಬೀಳತೈತಿ. ಎಡಕ್ಕ ಹಚ್ಚಿದ್ರ ಬಲಾ. ನಮ್ಮಪ್ಪನೂ ಹಂಗ ಮಾಡ್ತಿದ್ದ” ಎಂದ.

“ನಂದೂ?”

“ನಿಮ್ಮವ್ವ ಹಾಸಗಿ ಮ್ಯಾಲಿದ್ಲು. ನೀ ಹೋಗಿದ್ರ ಮನಿ ಹ್ಯಾಂಗ ನಡೀತಿತ್ತು ಪುಷ್ಪಿ?”

“ಅದನ್ನ ಬಾಯಿಲೇ ಹೇಳಬೇಕಿಲ್ಲ ಅಪ್ಪಾ? ಹೋಗಬ್ಯಾಡ ಅಂದಿದ್ರ ನಾ ಹೋಗ್ತಿದ್ನೇನು?”

ಅಪ್ಪ ಗೋಡೆಯ ಕಡೆ ಹೊರಳಿದ. “ನಾ ಅಂದಿದ್ರ ನೀ ಜೀವನ ಪೂರ್ತಿ ನನ್ನ ಮ್ಯಾಲ ಸಿಟ್ಟಾಗಿರ್ತಿದ್ದಿ. ಬೀರಪ್ಪ ಅಂದ, ನೀ ಸುಮ್ನಾದಿ.”

ಅಷ್ಟೇ. ನನ್ನ ಸಿಟ್ಟನ್ನು ದೇವರಿಗೆ ವಹಿಸಿ, ನನ್ನ ಪ್ರೀತಿಯನ್ನು ತಾನು ಇಟ್ಟುಕೊಂಡಿದ್ದ. ಇಪ್ಪತ್ತು ವರ್ಷ ನಾನು ದೇವರೆಂದು ಕೈ ಮುಗಿದದ್ದು ನನ್ನ ಕೈಯಾರೆ ಕಿತ್ತು ತಂದ ಅಂಟಿಗೆ. ಆಮೇಲೆ ಅಪ್ಪ ಅತ್ತ. ತಾನು ಬದುಕಿರುವವರೆಗೆ ಯಾರಿಗೂ ಹೇಳಬೇಡ ಎಂದು ಕೈ ಹಿಡಿದುಕೊಂಡ. ಇನ್ನು ಮೇಲೆ ಅಂಟು ಮುಟ್ಟುವುದಿಲ್ಲ ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ನಾನೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಡಬ್ಬಿಯನ್ನು ಬಾವಿಗೆ ಎಸೆದೆ. ಅಂದಿನಿಂದ ಯಾರು ಕೇಳಿದರೂ ಮೊಣಕಾಲು, ಕುರಿ, ಪ್ರೂಫ್.

ಈಗ ರಾಯಣ್ಣನ ಮಗಳು ಅನ್ನಪೂರ್ಣಾಳ ಮಾತಿಗೆ ಬರುತ್ತೇನೆ. ಅವಳು ಗಜೇಂದ್ರಗಡದ ಕಾಲೇಜಿಗೆ ನನ್ನ ಬಸ್ಸಿನಲ್ಲೇ ಓಡಾಡಿದವಳು. ನನಗೆ ಮಕ್ಕಳಿಲ್ಲ. ಬಾಗಿಲ ಪಕ್ಕದ ಸೀಟು ಅವಳದು, ನನ್ನ ಡಬ್ಬಿಯ ಅರ್ಧ ಚಪಾತಿಯೂ ಅವಳದು. ಹೋದ ವರ್ಷ ಒಂದು ಶನಿವಾರ ಓಡಿ ಬಂದು ಬಸ್ಸು ಹತ್ತಿದಳು.

“ಅತ್ತಿ, ಧಾರವಾಡದಾಗ ಸೀಟ್ ಸಿಕ್ತು! ಕೃಷಿ ಕಾಲೇಜ್!”

ಬಸ್ಸಿನಲ್ಲೇ ಅವಳನ್ನು ಅಪ್ಪಿಕೊಂಡೆ. ವಸೀಮ ಎರಡು ಸಲ ಹಾರ್ನ್ ಹೊಡೆದ.

“ಸೋಮವಾರ ಹೂ ಕೇಳ್ತಾರ. ನೀನೂ ಬಾ” ಎಂದಳು.

ನಾನು ಅಪ್ಪುಗೆ ಸಡಿಲಿಸಿದೆ. “ಹೂ ಏನ ಕೇಳೂದು? ಸೀಟ್ ಸಿಕ್ಕೈತಿ, ಹೋಗು.”

“ಹಂಗನಬ್ಯಾಡ ಅತ್ತಿ. ಯಾವಗಲ್ ಊರಿಂದ ನನಗ ಒಂದು ಸಂಬಂಧ ಬಂದೈತಿ, ಅಪ್ಪನ ಮನಸು ಆ ಕಡೆ ಐತಿ. ಅದಕ್ಕ ಬೀರಪ್ಪ ಏನಂತಾನೋ ಕೇಳೂದು. ಎಡಾ ಕೊಟ್ರ ನಾ ಹೋಗಂಗಿಲ್ಲ. ಆತ ಏನೋ ಕಂಡಿರ್ತಾನ.”

ನನ್ನದೇ ಮಾತು, ಮೂವತ್ತು ವರ್ಷದ ಹಿಂದಿನದು, ಅವಳ ಬಾಯಲ್ಲಿ. ಅವಳ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಅಷ್ಟು ನಂಬಿಕೆಯಿಂದ ಕೂತವಳಿಗೆ ನಾನು ಏನು ಹೇಳಲಿ? ಹೇಳಿದರೆ ಅಪ್ಪನಿಗೆ ಕೊಟ್ಟ ಮಾತು ಹೋಗುತ್ತದೆ, ಅವಳು ಮುತ್ಯಾ ಎನ್ನುವ ಅಜ್ಜ ಹೋಗುತ್ತಾನೆ, ಅವಳ ದೇವರೂ ಹೋಗುತ್ತಾನೆ. ಹೇಳದೆ, ಟಿಕೆಟ್ ಹರಿಯಲು ಹಿಂದಿನ ಸೀಟುಗಳ ಕಡೆ ಹೋದೆ.

ಭಾನುವಾರ ಊರಿಗೆ ಹೋಗಿ ಅಪ್ಪನನ್ನು ಹಿಡಿದೆ. ಎಂಬತ್ನಾಲ್ಕು ವರ್ಷದವನು ಕಟ್ಟೆಯ ಮೇಲೆ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದ.

“ಆಣಿ ನೆನಪೈತೇನಪ್ಪಾ?”

“ಐತಿ ಯವ್ವಾ. ಅಂಟು ಬಿಟ್ಟು ಹನ್ನೆರಡು ವರ್ಷಾತು. ಹೂ ಯಾವ ಕಡಿ ಬೀಳತೈತೋ ಬೀಳ್ಲಿ. ನನ್ನ ಕೈಯಾಗ ಏನೂ ಇಲ್ಲ.”

ದೇವರನ್ನು ನಂಬದ ನಾನು ಅಪ್ಪನನ್ನು ನಂಬಿದೆ. ನಂಬಿದ್ದಕ್ಕೇ ಹೆದರಿಕೆಯಾಯಿತು. ಅಂಟೂ ಇಲ್ಲ, ದೇವರೂ ಇಲ್ಲ ಎಂದರೆ ಉಳಿದದ್ದು ಬರೀ ನೀರು ಮತ್ತು ಹೂವಿನ ಭಾರ. ಯಾವ ಹೂ ಮೊದಲು ಒಣಗುತ್ತದೆ ಎಂಬುದರ ಮೇಲೆ ಈ ಹುಡುಗಿಯ ಬದುಕು ನಿಲ್ಲಬೇಕೇ? ಆ ಸಂಜೆ ಬಸ್ ನಿಲ್ದಾಣದ ಹಿಂದಿನ ಜಾಲಿಗಿಡದಿಂದ ಅಂಟು ಕಿತ್ತೆ. ಮುಳ್ಳು ಹೆಬ್ಬೆರಳಿಗೇ ನೆಟ್ಟಿತು. ಊಟದ ಡಬ್ಬಿಯ ಮುಚ್ಚಳದಲ್ಲಿ ನೀರು ಹಾಕಿ ನೆನೆಯಲು ಇಟ್ಟೆ. ಇದೊಂದು ಸಲ, ಅವಳ ಒಳ್ಳೆಯದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅಪ್ಪನೂ ಹೀಗೇ ಹೇಳಿಕೊಂಡಿರಬೇಕು ಎಂಬುದು ಆಗ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಗುಡಿಯ ಕಸ ಗುಡಿಸುತ್ತೇನೆಂದು ಹೋದೆ. ರಾಯಣ್ಣನ ಹೆಂಡತಿ ಸಕ್ಕೂಬಾಯಿ ಬಾಯಿ ತೆರೆದು ನೋಡಿದಳು. ಅಪ್ಪ ಆಗಲೇ ದೇವರಿಗೆ ನೀರು ಹಾಕಿ ಮುಗಿಸಿದ್ದ. ಹೂ ಬಿಡಿಸಲು ಹಿತ್ತಿಲಿಗೆ ಹೋದ. ನಾನು ಒಳಗೆ ಹೋಗಿ ದೇವರ ಎಡ ಭುಜಕ್ಕೆ ಅಂಟು ಸವರಿದೆ. ಬಲ ಭುಜದ ಕಡೆ ನೋಡಲೂ ಇಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಹತ್ತು ಗಂಟೆಗೆ ಎಲ್ಲರೂ ಕೂತರು. ರಾಯಣ್ಣ, ಸಕ್ಕೂಬಾಯಿ, ದುರಗಪ್ಪ, ಓಣಿಯ ಇಪ್ಪತ್ತು ಮೂವತ್ತು ಜನ. ಅನ್ನಪೂರ್ಣಾ ಹಸಿರು ಸೀರೆ ಉಟ್ಟು ದೇವರ ಎದುರಿಗೆ ಕೂತಿದ್ದಳು, ಅವಳೂ ಉಪವಾಸ. ಅಪ್ಪ ಹೂ ಅದ್ದಿ ಬಲ ಭುಜಕ್ಕೆ ಒತ್ತಿದ. ಆಮೇಲೆ ಎಡಕ್ಕೆ. ಎಡಕ್ಕೆ ಒತ್ತುವಾಗ ಅವನ ಬೆರಳು ಒಂದು ಕ್ಷಣ ನಿಂತವು. ತಿರುಗಿ ನನ್ನನ್ನು ನೋಡಿದ. ಗೊತ್ತಾಯಿತು ಅವನಿಗೆ ಎಂದುಕೊಂಡೆ. ಗೊತ್ತಾಗಲಿ, ಏನು ಮಾಡುತ್ತಾನೆ? ಬಲಗಡೆಯದು ಬೀಳಲು ಕಾದೆ.

ಕಾಲು ಗಂಟೆಯಾಯಿತು. ಬೀಳಲಿಲ್ಲ. ಸಾಮಾನ್ಯವಾಗಿ ಅಷ್ಟರಲ್ಲಿ ಯಾವುದಾದರೊಂದು ಬಿದ್ದಿರುತ್ತದೆ. ಅರ್ಧ ಗಂಟೆಯಾಯಿತು. ಸಕ್ಕೂಬಾಯಿ ದೀಪಕ್ಕೆ ಎರಡನೆಯ ಸಲ ಎಣ್ಣೆ ಹಾಕಿದಳು. ಎರಡೂ ಹೂ ಅಲುಗಲಿಲ್ಲ. ನಾನು ಅಪ್ಪನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ. ಆಗ ನನಗೆ ತಿಳಿಯಿತು. ಬೆಳಿಗ್ಗೆ ನಾನು ಬರುವ ಮೊದಲೇ ಅವನು ಬಲ ಭುಜಕ್ಕೆ ಅಂಟು ಹಚ್ಚಿ ಮುಗಿಸಿದ್ದ. ನನ್ನ ತಲೆ ಮುಟ್ಟಿ ಆಣೆ ಮಾಡಿದ ಕೈಯಿಂದಲೇ. ರಾಯಣ್ಣನಿಗೆ ಮಗಳಿಗೆ ಬೇಡವೆನ್ನುವ ಬಾಯಿ ಇಲ್ಲ, ಬಂದು ಅಪ್ಪನ ಕಿವಿಯಲ್ಲಿ ಹೇಳಿರಬೇಕು. ನಮ್ಮ ಮನೆಯ ಗಂಡಸರು ಬಾಯಿಂದ ಬೇಡ ಎಂದವರೇ ಅಲ್ಲ.

ಜನ ಗುಸುಗುಸು ಶುರುಮಾಡಿದರು. ಇಂಥದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. “ದೇವರು ಮಾತಾಡವಲ್ಲ” ಎಂದಳು ಒಬ್ಬ ಮುದುಕಿ. ಸಕ್ಕೂಬಾಯಿ, ಏನು ತಪ್ಪಾಗಿದೆಯೋ ಎಂದು ಅಳತೊಡಗಿದಳು. ದುರಗಪ್ಪ ಎದ್ದು ನಿಂತ. ಅದು ಅವನ ಕುರಿ ಈದ ವಾರ.

“ನಂಬಲಾರದಾಕಿ ಗುಡ್ಯಾಗ ಕುಂತ್ರ ದೇವರು ಹ್ಯಾಂಗ ಮಾತಾಡ್ತಾನ?” ಎಂದು ನನ್ನ ಕಡೆ ಕೈ ಮಾಡಿದ.

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಅಪ್ಪನನ್ನು ನೋಡಿದೆ. ಆ ಗುಡಿಯಲ್ಲಿ ಹೂ ಯಾಕೆ ಬೀಳುತ್ತಿಲ್ಲ ಎಂದು ತಿಳಿದವರು ನಾವಿಬ್ಬರೇ. ಅವನು ಒಂದು ಮಾತು ಆಡಬಹುದಿತ್ತು. “ಆಕಿದೇನೂ ತಪ್ಪಿಲ್ಲ, ಕುಂದರ್ರಿ” ಎಂದಿದ್ದರೆ ಸಾಕಿತ್ತು, ನಾನು ಮತ್ತೆ ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ.

ಅಪ್ಪ ಗಂಟಲು ಸರಿಮಾಡಿಕೊಂಡ. “ಪುಷ್ಪಿ, ನೀ ಒಂದೀಟು ಹೊರಗ ಹೋಗಿ ಕುಂದರವ್ವ” ಎಂದ.

ನಾನು ಎದ್ದೆ. ಹೊರಗೆ ಹೋಗಲಿಲ್ಲ, ಒಳಗೆ ಹೋದೆ. ಬಲ ಭುಜದ ಹೂವನ್ನು ಹಿಡಿದು ಎಳೆದೆ. ಎಸಳು ಹರಿಯಿತು, ತೊಟ್ಟು ಬರಲಿಲ್ಲ. ಉಗುರು ಹಾಕಿ ಕಿತ್ತೆ. ಅಂಟು ಎಳೆಯಾಗಿ ಜಗ್ಗಿ ಬಂತು. ಅದನ್ನು ಎಲ್ಲರ ಮುಂದೆ ಹಿಡಿದೆ.

“ನೋಡ್ರಿ ನಿಮ್ಮ ದೇವರ ಮಾತು! ಜಾಲಿ ಅಂಟು! ನನ್ನೂ ಹಿಂಗ ಎಡಾ ಬೀಳಿಸಿ ಮನ್ಯಾಗ ಕುಂದರಿಸಿದ್ರು. ಇವತ್ತ ಈ ಹುಡುಗಿನ್ನೂ ಕುಂದರಿಸ್ತಿದ್ರು. ಯಾಕ ನಂಬಂಗಿಲ್ಲ, ಯಾಕ ನಂಬಂಗಿಲ್ಲ ಅಂತ ಕೇಳ್ತಿದ್ರಲ್ಲ? ಇದಕ್ಕ!”

ಅಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಎಷ್ಟು ವರ್ಷದ ಭಾರ ಇಳಿಯಿತೋ, ನನಗೆ ಹಗುರವಾಯಿತು, ಸುಳ್ಳು ಯಾಕೆ ಹೇಳಲಿ. ಅನ್ನಪೂರ್ಣಾ ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಬಂದಳು.

“ಬಲಗಡೀದು ಅಂಟಿನ್ಯಾಗ ನಿಂತಿತ್ತು, ಅದಕ್ಕ ಬೀಳಲಿಲ್ಲ. ಹಂಗಾರ ಎಡಗಡೀದು ಯಾಕ ಬೀಳಲಿಲ್ಲ ಅತ್ತಿ?” ಎಂದು ಕೇಳಿದಳು.

ಅವಳು ಕೈ ಚಾಚಿ ಎಡಗಡೆಯ ಹೂವನ್ನು ತಾನೇ ಕಿತ್ತಳು. ಅದೇ ಎಳೆ ಜಗ್ಗಿ ಬಂತು. ಒಮ್ಮೆ ಹೂವನ್ನು ನೋಡಿದಳು, ಒಮ್ಮೆ ಮುಳ್ಳು ನೆಟ್ಟು ಬಾತಿದ್ದ ನನ್ನ ಹೆಬ್ಬೆರಳನ್ನು.

“ಇದು ನಿಂದು?”

“ಹೂಂ.”

“ನಾ ಧಾರವಾಡಕ್ಕ ಹೋಗ್ಲಿ ಅಂತ?”

“ಹೂಂ. ನಿನ್ನ ಒಳ್ಳೇದಕ್ಕ...”

“ಮುತ್ಯಾ ದೇವರ ಹೆಸರು ಹೇಳಿ ಉಂಡಾಂವ, ಅವಗ ಇದು ಬೇಕಾಗಿತ್ತು” ಎಂದಳು. ಅವಳು ಕೂಗಲಿಲ್ಲ. ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ. “ನೀ ನಂಬಂಗಿಲ್ಲಲ್ಲ ಅತ್ತಿ? ದಿನಾ ನಿನ್ನ ಬಾಜೂಕ ಕುಂತು ಹೋಗ್ತಿದ್ನೆಲ್ಲ? ಬಾಯಿಲೇ ಹೇಳಬೇಕಿಲ್ಲ?”

ಹಾಸಿಗೆಯ ಪಕ್ಕ ನಿಂತು ನಾನು ಅಪ್ಪನಿಗೆ ಕೇಳಿದ್ದೂ ಇದನ್ನೇ. ಅವನು ಗೋಡೆಯ ಕಡೆಗಾದರೂ ಹೊರಳಿದ್ದ. ನನಗೆ ಹೊರಳಲು ಜಾಗವಿರಲಿಲ್ಲ, ಹಿಂದೆ ದೇವರಿದ್ದ.

ಅನ್ನಪೂರ್ಣಾ ಧಾರವಾಡಕ್ಕೆ ಹೋದಳು. ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ರಾಯಣ್ಣನಿಗೆ ತಡೆಯುವ ಮುಖವೂ ಉಳಿದಿರಲಿಲ್ಲ. ಅಪ್ಪ ಈಗ ಗುಡಿಯ ಒಳಗೆ ಹೋಗುವುದಿಲ್ಲ, ಕಟ್ಟೆಯ ಮೇಲೆ ಕೂರುತ್ತಾನೆ. ನಾನು ಹೋದಾಗ ಇಬ್ಬರೂ ಮಳೆ ಬೆಳೆ ಮಾತಾಡುತ್ತೇವೆ. ಊರವರು ಬೇರೆ ಪೂಜಾರಿಯನ್ನು ಇಟ್ಟು ಹೂ ಕೇಳುವುದನ್ನು ಮುಂದುವರಿಸಿದ್ದಾರೆ. ದುರಗಪ್ಪ ಮೊನ್ನೆಯೂ ಕೇಳಿಸಿದನಂತೆ, ಬಲ ಬಿತ್ತಂತೆ.

ದಸರೆಯ ರಜೆ ಮುಗಿಸಿ ಅವಳು ಕಾಲೇಜಿಗೆ ತಿರುಗಿ ಹೊರಟಾಗ ಲಕ್ಕಲಕಟ್ಟಿಯಲ್ಲಿ ನನ್ನ ಬಸ್ಸೇ ಸಿಕ್ಕಿತು. ಬಾಗಿಲ ಪಕ್ಕದ ಸೀಟು ಖಾಲಿಯಿತ್ತು. ಅವಳು ಅದನ್ನು ದಾಟಿ ಹಿಂದೆ ಹೋಗಿ ಒಬ್ಬ ಹೆಂಗಸಿನ ಪಕ್ಕ ಕೂತಳು. ನಾನು ಹತ್ತಿರ ಹೋದಾಗ ಗುರುತೇ ಇಲ್ಲದವಳ ಹಾಗೆ ಆಧಾರ್ ಕಾರ್ಡು ತೋರಿಸಿ “ನರಗುಂದ” ಎಂದಳು. ಹೆಂಗಸರಿಗೆ ಪುಕ್ಕಟೆ ಟಿಕೆಟ್ಟು. ಮಷೀನು ಒತ್ತಿ ಸೊನ್ನೆಯ ಟಿಕೆಟ್ಟು ಹರಿದು ಕೊಟ್ಟೆ. ಡಬ್ಬಿಯಲ್ಲಿ ಎರಡು ಚಪಾತಿ ಹೆಚ್ಚಿಗೆ ಇದ್ದವು; ಆ ಸೀಟಿನಲ್ಲಿ ಯಾರೂ ಕೂರದಿದ್ದರೂ ದಿನಾ ಕಟ್ಟಿಕೊಂಡೇ ಬರುತ್ತೇನೆ. ಕೊಡಲಾಗಲಿಲ್ಲ.

ರೋಣ ದಾಟಿ ಹನುಮಪ್ಪನ ಗುಡಿ ಬಂತು. ಬಸ್ಸಿನವರೆಲ್ಲ ಎದೆ ಮುಟ್ಟಿಕೊಂಡು ಕೈ ಮುಗಿದರು. ಅವಳು ಮುಗಿಯಲಿಲ್ಲ. ಪಕ್ಕದ ಹೆಂಗಸು ಅವಳ ಮೊಣಕೈ ತಟ್ಟಿ, “ಯಾಕ ತಂಗಿ, ದೇವರನ್ನ ನಂಬಂಗಿಲ್ಲೇನು?” ಎಂದು ಕೇಳಿದಳು.

“ಇಲ್ರಿ. ನಾ ಸೈನ್ಸ್ ಓದಾಕಿ. ನನಗ ಪ್ರೂಫ್ ಬೇಕಾಗತೈತ್ರಿ.”

ಹೆಂಗಸು ನಕ್ಕು ನನ್ನ ಕಡೆ ತಿರುಗಿದಳು. “ಕೇಳಿದ್ರೇನ್ರಿ ಕಂಡಕ್ಟರ್? ನಿಮ್ಮಂಥಾಕಿನ ಇನ್ನೊಬ್ಬಾಕಿ ಹುಟ್ಯಾಳ!”

ಅನ್ನಪೂರ್ಣಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅದು ಹರಿದು ಕೊಡುವ ಕಾರಣ ಎಂದು ನನಗೆ ಗೊತ್ತಾಯಿತು. ಹನ್ನೆರಡು ವರ್ಷ ಕೊಟ್ಟವಳು ನಾನು. ಅವಳ ಖರೇ ಕಾರಣ ಟಿಕೆಟ್ ಮಷೀನು ಹಿಡಿದುಕೊಂಡು ಅವಳ ಸೀಟಿನ ಪಕ್ಕದಲ್ಲೇ ನಿಂತಿತ್ತು.